ಮಣ್ಣಿನ ಲೋಡು ತರಿಸುವ ಮೊದಲು

(ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯ ನಿವಾಸಿಗಳ ಎದುರು ಬೇಸಿಗೆಯ ಆರಂಭದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಈಚೆಗೆ ಮನೆ ಕಟ್ಟಿಸಿದವರು. ಗೃಹಪ್ರವೇಶ ಮುಗಿದಿದೆ. ಗೇಟಿನ ಪಕ್ಕ, ಕಾಂಪೌಂಡಿನ ಉದ್ದಕ್ಕೆ ನಾಲ್ಕಡಿ ಜಾಗ ಉಳಿದಿದೆ. ಅಲ್ಲೊಂದು ಹೂವಿನ ಪಾತಿ ಆಗಬೇಕು. ದೇವರಿಗೆ ನಾಲ್ಕು ಹೂ ಮನೆಯಲ್ಲೇ ಸಿಗಬೇಕು. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, "ಒಂದು ಲೋಡು ಕೆಮ್ಮಣ್ಣು ಹೊಡೆಸಿಬಿಡಿ, ಎಲ್ಲಾ ಸರಿಹೋಗುತ್ತೆ" ಅಂತ.

ನಾನು ಇವತ್ತು ಹೇಳಬೇಕಾದ ಮಾತು ಒಂದೇ. ಆ ಲೋಡು ಬೇಡ. ಕಡೇಪಕ್ಷ ಈಗಲೇ ಬೇಡ. ನಿಮ್ಮ ಜಾಗದಲ್ಲಿ ಏನಿದೆ ಅನ್ನುವುದನ್ನು ಮೊದಲು ನೋಡಿ. ಬಹಳಷ್ಟು ಮನೆಗಳಲ್ಲಿ ಇರುವ ಮಣ್ಣನ್ನೇ ರಿಪೇರಿ ಮಾಡಬಹುದು. ಅದಕ್ಕೆ ಮಣ್ಣಿಗಿಂತ ಗೊಬ್ಬರ ಜಾಸ್ತಿ ಬೇಕು, ದುಡ್ಡಿಗಿಂತ ಸಮಯ ಜಾಸ್ತಿ ಬೇಕು.

ನಮ್ಮ ಮಣ್ಣು ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ. ಲಾಲ್‌ಬಾಗಿನ ಬಂಡೆ ಹತ್ತದವರು ಯಾರೂ ಇಲ್ಲ ಅಂದುಕೊಳ್ಳುತ್ತೇನೆ. ಅದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲಿ ಫಲಕವನ್ನೂ ಹಾಕಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ನೆಲ ಇಂಥ ಕಲ್ಲೇ ಬಿಸಿಲು ಮಳೆಗೆ ಸವೆದು ಸವೆದು ಆದದ್ದು. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದಿರುವುದರಿಂದ ಆ ಕೆಂಪು ಬಣ್ಣ. ಈ ಮಣ್ಣಿನ ಒಳ್ಳೆಯ ಗುಣ ಏನೆಂದರೆ, ನೀರು ಬಸಿದು ಹೋಗುತ್ತದೆ. ಕೊರತೆ ಏನೆಂದರೆ, ಸಾವಯವ ಅಂಶ ಕಡಿಮೆ, ಸಾರಜನಕ ಕಡಿಮೆ, ರಂಜಕವೂ ಕಡಿಮೆ.

ಕೆಂಪಗಿದ್ದ ಮಾತ್ರಕ್ಕೆ ಅದು ಗಿಡಕ್ಕೆ ಒಳ್ಳೆಯ ಮಣ್ಣು ಅಲ್ಲ. ಗಿಡಕ್ಕೆ ಬೇಕಾದ ಜೀವ ಇರುವುದು ಮೇಲಿನ ಅರ್ಧ ಅಡಿ, ಮುಕ್ಕಾಲು ಅಡಿಯಲ್ಲಿ. ಎಲೆ ಉದುರಿ, ಬೇರು ಕೊಳೆತು, ಹುಳ ಹುಪ್ಪಟೆ ಓಡಾಡಿ ಅಲ್ಲಿ ಸ್ವಲ್ಪ ಕಪ್ಪು ಛಾಯೆ ಬಂದಿರುತ್ತದೆ. ಅದರ ಕೆಳಗಿನದು ಕಣ್ಣಿಗೆ ಇನ್ನೂ ಚೆಂದದ ಕೆಂಪು, ಆದರೆ ಅದರಲ್ಲಿ ಹೆಚ್ಚೇನೂ ಇಲ್ಲ. ಎರಡು ಮೂರು ಸೆಂಟಿಮೀಟರ್ ಮೇಲ್ಮಣ್ಣು ಆಗಲು 1000 ವರ್ಷ ಹಿಡಿಯಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ.

ಈಗ ಲೋಡಿನ ಲೆಕ್ಕ ಮಾಡಿ. ನಗರದೊಳಗೆ ಸಿಗುವ ಕೆಮ್ಮಣ್ಣು ಸಾಮಾನ್ಯವಾಗಿ ಎಲ್ಲೋ ಪಾಯ ತೆಗೆದ, ಬೇಸ್‌ಮೆಂಟ್ ಅಗೆದ ಮಣ್ಣು. ಹತ್ತಡಿ ಆಳದ್ದು. ಅದರಲ್ಲಿ ಕೊಳೆತ ಎಲೆಯ ಚೂರೂ ಇರುವುದಿಲ್ಲ. ನಿಮ್ಮ ಹತ್ತಿರ ಇರುವುದಕ್ಕಿಂತ ಅದು ಮೇಲಲ್ಲ. ಇನ್ನು ನಿಜವಾಗಿಯೂ ಒಳ್ಳೆಯ ಕಪ್ಪು ಛಾಯೆಯ ಮಣ್ಣು ಬಂತು ಅಂತಿಟ್ಟುಕೊಳ್ಳಿ. ಆಗ ಅದು ಯಾರದೋ ಹೊಲದ ಮೇಲ್ಮಣ್ಣು. ರಾಗಿ, ಅವರೆ ಬೆಳೆಯುತ್ತಿದ್ದ ನೆಲವನ್ನು ಜೆಸಿಬಿ ಕೆರೆದು ತಂದದ್ದು. ನಮ್ಮ ನಾಲ್ಕಡಿ ಪಾತಿಗಾಗಿ ಒಂದು ಹೊಲ ಬೋಳಾಗುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ನಿಮ್ಮ ಮನೆ ಮುಂದೆ ಏನಿದೆ? ಒಂದೂವರೆ ಅಡಿ ಆಳದ ಗುಂಡಿ ತೆಗೆದು ನೋಡಿ. ಹಾರೆ ಹಾಕಿದ ಕೂಡಲೇ ಟಣ್ ಅನ್ನುತ್ತದೆ. ಮೇಲೆ ಎಂ-ಸ್ಯಾಂಡ್, ಜಲ್ಲಿ. ಆಮೇಲೆ ಗಾರೆ ಗಟ್ಟಿಯಾದ ಹೆಂಟೆ, ಇಟ್ಟಿಗೆ ಚೂರು, ಟೈಲ್ಸ್ ತುಂಡು, ಸಿಮೆಂಟ್ ಚೀಲದ ಎಳೆ, ಬಣ್ಣದ ಡಬ್ಬಿ ತೊಳೆದ ಬಿಳಿ ಪದರ. ಅದರ ಕೆಳಗೆ ಲಾರಿ, ಮಿಕ್ಸರ್ ಓಡಾಡಿ ಹಲಗೆಯಂತೆ ಗಟ್ಟಿಯಾದ ಕೆಂಪು ನೆಲ. ಮೇಸ್ತ್ರಿ ಮನೆ ಕಟ್ಟುವಾಗ ಉಳಿದದ್ದೆಲ್ಲ ಅಲ್ಲಿಗೇ ಸುರಿದು, ಮೇಲೆ ತೆಳ್ಳಗೆ ಮಣ್ಣು ಎಳೆದಿರುತ್ತಾನೆ.

ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಸಿಮೆಂಟು. ಇಟ್ಟಿಗೆ ಚೂರಿನಿಂದ ಗಿಡಕ್ಕೆ ಅಂಥ ತೊಂದರೆ ಇಲ್ಲ. ಸಿಮೆಂಟಿನ ಕತೆ ಬೇರೆ. ಇಲ್ಲಿ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿದ್ದೇನೆ, ಮುಂದೆ ಬಂದು ನೋಡಿ. ಒಂದರಲ್ಲಿ ಇದೇ ಬಡಾವಣೆಯ ಹೊಸ ಮನೆಯೊಂದರ ಮಣ್ಣು. ಇನ್ನೊಂದರಲ್ಲಿ ಹಳೇ ಬಡಾವಣೆಯ ದಾಸವಾಳದ ಬುಡದ ಮಣ್ಣು. ಎರಡಕ್ಕೂ ಒಂದೊಂದು ಚಮಚ ಬಿಳಿ ವಿನೆಗರ್ ಹಾಕುತ್ತೇನೆ. ನೋಡಿ, ಹಳೇ ಮಣ್ಣು ಸುಮ್ನೆ ಒದ್ದೆಯಾಯಿತು. ಹೊಸ ಮನೆಯದು ಬುಸ್ ಅಂತ ನೊರೆ ಬಿಡುತ್ತಿದೆ. ಕಿವಿ ಹತ್ತಿರ ತಂದರೆ ಸದ್ದೂ ಕೇಳುತ್ತದೆ. ಅದು ಸುಣ್ಣದ ಅಂಶ. ಗಾರೆಯಿಂದ ಬಂದದ್ದು.

ಅದರಿಂದ ಏನಾಗುತ್ತದೆ? ಮಣ್ಣಿನ ರಸಸಾರ, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ ಅಳತೆ, ಮೇಲೇರುತ್ತದೆ. ಹೆಚ್ಚಿನ ಹೂಗಿಡಗಳಿಗೆ 6ರಿಂದ 7 ಇದ್ದರೆ ಹಿತ. ಗುಲಾಬಿಗೆ ಆರೂವರೆ ಆಸುಪಾಸು ಚೆನ್ನ. ಹಸಿ ಸಿಮೆಂಟಿನ ನೀರಿನದು 12 ದಾಟುತ್ತದೆ. ಅದು ಮಣ್ಣಿಗೆ ಬೆರೆತು ಎಂಟರ ಮೇಲೆ ಹೋದರೆ ಮಣ್ಣಿನಲ್ಲಿರುವ ಕಬ್ಬಿಣ ಗಿಡಕ್ಕೆ ಸಿಗುವುದೇ ಇಲ್ಲ. ಯೋಚನೆ ಮಾಡಿ, ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಆದರೂ ಅದೇ ಮಣ್ಣಿನಲ್ಲಿ ನಿಂತ ಗಿಡ ಕಬ್ಬಿಣ ಇಲ್ಲದೆ ಸೊರಗುತ್ತದೆ. ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದೇ ಲಕ್ಷಣ. ಇಕ್ಸೋರಾ ಗಿಡದಲ್ಲಿ ಇದು ಬೇಗ ಕಾಣುತ್ತದೆ. ಜನ ಇದಕ್ಕೆ ರೋಗ ಅಂತ ಔಷಧ ಹೊಡೆಯುತ್ತಾರೆ, ಯೂರಿಯಾ ಹಾಕುತ್ತಾರೆ. ಎರಡರಿಂದಲೂ ಉಪಯೋಗವಿಲ್ಲ. ಗಂಧಕ ಹಾಕಿ ರಸಸಾರ ಇಳಿಸಬಹುದು ಅನ್ನುತ್ತಾರೆ. ನಿಜ, ಆದರೆ ಗಾರೆ ಚೂರು ಒಳಗೇ ಇದ್ದರೆ ಅದು ಕರಗುತ್ತಲೇ ಇರುತ್ತದೆ, ಗಂಧಕ ಸಾಲುವುದಿಲ್ಲ. ಕೈಯಿಂದ ಆರಿಸಿ ತೆಗೆಯುವುದೇ ದಾರಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಇಡೀ ಪಾತಿಯ ಕೆಲಸದಲ್ಲಿ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ.

ಗುಂಡಿ ತೆಗೆದಿದ್ದೀರಲ್ಲ, ಅದನ್ನು ಮುಚ್ಚಬೇಡಿ. ಅದಕ್ಕೆ ನೀರು ತುಂಬಿಸಿ. ಒಂದು ಸಲ ಪೂರ್ತಿ ಇಂಗಲಿ. ಮತ್ತೆ ತುಂಬಿಸಿ, ಒಂದು ಕಡ್ಡಿ ನೆಟ್ಟು ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ನೋಡಿ. ಒಂದರಿಂದ ಮೂರು ಇಂಚು ಇಳಿದರೆ ಒಳ್ಳೆಯ ನೆಲ. ಒಂದಿಂಚೂ ಇಳಿಯದಿದ್ದರೆ ಕೆಳಗೆ ನೆಲ ಗಟ್ಟಿಯಾಗಿದೆ ಅಂತ ಅರ್ಥ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಮಳೆಯೇ ಜೋರು. ಆಗ ಅಂಥ ಪಾತಿಯಲ್ಲಿ ಸೇವಂತಿಗೆ ಬೇರು ಕೊಳೆತು ಸಾಯುತ್ತದೆ, ನಾವು ನರ್ಸರಿಯವರನ್ನು ಬೈಯುತ್ತೇವೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಉಪ್ಪಿನಕಾಯಿ ಖಾಲಿಯಾದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ನುಣ್ಣನೆ ಗೋಡು. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಎರಡು ದಿನವೂ ಬೇಕು. ಮೇಲೆ ತೇಲುವ ಕಪ್ಪು ಚೂರುಗಳೇ ಸಾವಯವ ಅಂಶ. ಹೊಸ ಮನೆಯ ಮಣ್ಣಿನಲ್ಲಿ ತೇಲುವುದು ಏನೂ ಇರುವುದಿಲ್ಲ. ನಿಮ್ಮ ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿ, ಅವರಿಗೆ ತುಂಬಾ ಇಷ್ಟವಾಗುತ್ತದೆ.

ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ರೈತರಿಗೆ ರಸಸಾರ, ಸಾವಯವ ಇಂಗಾಲ, ಸಾರಜನಕದಿಂದ ಹಿಡಿದು ಸತು, ಬೋರಾನ್‌ವರೆಗೆ 12 ಅಂಶ ನೋಡಿಕೊಡುತ್ತಾರೆ. ಹೂವಿನ ಪಾತಿಗೆ ಅಷ್ಟೆಲ್ಲ ಬೇಕಿಲ್ಲ. ರಸಸಾರ, ಲವಣಾಂಶ, ಸಾವಯವ ಇಂಗಾಲ ಗೊತ್ತಾದರೆ ಸಾಕು. ಮಣ್ಣನ್ನು ಒಂದೇ ಕಡೆಯಿಂದ ತೆಗೆಯಬೇಡಿ. ಐದಾರು ಕಡೆ ಅರ್ಧ ಅಡಿ ಆಳದವರೆಗೆ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಕೊಡಿ.

ಈಗ ಕೆಲಸಕ್ಕೆ ಇಳಿಯೋಣ. ಜಾಗ ಆರಿಸುವಾಗ ಒಂದು ಎಚ್ಚರ. ಮನೆ ಗೋಡೆಗೆ ಒತ್ತಿ ಪಾತಿ ಮಾಡಬೇಡಿ. ಹೊಸ ಮನೆಗಳ ಪಾಯದ ಸುತ್ತ ಗೆದ್ದಲಿಗೆ ಅಂತ ಔಷಧ ಹೊಡೆದಿರುತ್ತಾರೆ. ಗೋಡೆಗೆ ತೇವ ಏರುವ ಕಾಟವೂ ಇದೆ. ಒಂದೂವರೆ ಎರಡು ಅಡಿ ಬಿಟ್ಟು ಶುರು ಮಾಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಕಡೆ ಸಿಕ್ಕರೆ ಬಹಳ ಒಳ್ಳೆಯದು. ಅಗಲ ನಾಲ್ಕಡಿಗಿಂತ ಹೆಚ್ಚು ಬೇಡ. ಎರಡೂ ಬದಿಯಿಂದ ಕೈಗೆ ಎಟುಕಬೇಕು. ಪಾತಿಯೊಳಗೆ ಕಾಲಿಡುವ ಪ್ರಸಂಗ ಬಂದರೆ ಸಡಿಲ ಮಾಡಿದ್ದೆಲ್ಲ ಮತ್ತೆ ಗಟ್ಟಿಯಾಗುತ್ತದೆ. ಕಾಂಪೌಂಡಿಗೆ ಅಂಟಿ ಮಾಡುವುದಾದರೆ ಎರಡೂವರೆ ಅಡಿ ಸಾಕು.

ಅಗೆಯುವುದಕ್ಕೆ ಹದ ನೋಡಬೇಕು. ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನಮಗೆ ಬೇಕು. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ಉಂಡೆ ಮಾಡಿ. ಉಂಡೆಯೇ ಆಗದಿದ್ದರೆ ತೀರಾ ಒಣಗಿದೆ. ಹಿಂದಿನ ದಿನ ನೀರು ಬಿಡಿ. ಉಂಡೆ ಆಯಿತು, ಹೆಬ್ಬೆರಳಿಂದ ಒತ್ತಿದರೆ ಪುಡಿಯಾಯಿತು ಅಂದರೆ ಹದ ಬಂದಿದೆ. ಒತ್ತಿದರೆ ಅಂಟಂಟಾಗಿ ಚಪ್ಪಟೆ ಆದರೆ ಇನ್ನೂ ಎರಡು ದಿನ ಕಾಯಿರಿ. ಹಸಿ ಮಣ್ಣನ್ನು ಗುದ್ದಲಿಯಿಂದ ಮಗುಚಿದರೆ ಅದು ಒಣಗಿದ ಮೇಲೆ ಕಲ್ಲಿನಂಥ ಹೆಂಟೆಯಾಗುತ್ತದೆ. ಒಂದು ದಿನದ ಆತುರಕ್ಕೆ ಒಂದು ಮಳೆಗಾಲವೇ ಹಾಳು.

ಹದ ಬಂದ ಮೇಲೆ ಹೀಗೆ ಮಾಡಿ. ಮೇಲಿನ ಒಂದಡಿ ಮಣ್ಣನ್ನು ತೆಗೆದು ಪಕ್ಕಕ್ಕೆ ಹಾಕಿ. ಅದರಲ್ಲಿರುವ ಕಲ್ಲು, ಗಾರೆ ಆರಿಸಿ. ಜಾಲರಿ ಇದ್ದರೆ ಮರಳು ಜರಡಿ ಹಿಡಿದ ಹಾಗೆ ಹಿಡಿಯಿರಿ. ಗರಿಕೆ ಬೇರು, ಜೇಕಿನ ಗೆಡ್ಡೆ ಒಂದೂ ಉಳಿಯಬಾರದು. ಜೇಕಿನ ಒಂದು ಗೆಡ್ಡೆ ಬಿಟ್ಟರೂ ಅದು ಪಾತಿ ತುಂಬಾ ಹರಡುತ್ತದೆ. ಆಮೇಲೆ ಕೆಳಗಿನ ಗಟ್ಟಿ ನೆಲವನ್ನು ಪಿಕಾಸಿಯಿಂದ ಇನ್ನು ಅರ್ಧ ಅಡಿ, ಮುಕ್ಕಾಲು ಅಡಿ ಸಡಿಲ ಮಾಡಿ. ಅದನ್ನು ಮೇಲೆ ತರಬೇಡಿ. ಅಲ್ಲೇ ಸಡಿಲವಾಗಿ ಇರಲಿ. ಅದರ ಮೇಲೆ ಎರಡು ಬಾಂಡಲಿ ಗೊಬ್ಬರ ಚೆಲ್ಲಿ, ಪಕ್ಕಕ್ಕೆ ತೆಗೆದ ಮಣ್ಣನ್ನು ವಾಪಸ್ ಹಾಕಿ.

ಕೆಲವರು ತಳಕ್ಕೆ ಜಲ್ಲಿ ಹಾಕುತ್ತಾರೆ, ನೀರು ಬಸಿಯಲಿ ಅಂತ. ದಯವಿಟ್ಟು ಹಾಕಬೇಡಿ. ನುಣುಪಾದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ಅಲ್ಲೇ ನಿಲ್ಲುತ್ತದೆ. ನೀರು ನಿಲ್ಲುವ ಜಾಗವಾದರೆ ಪಾತಿಯನ್ನು ನೆಲಮಟ್ಟದಿಂದ ಎಂಟು ಇಂಚು ಎತ್ತರಿಸಿ, ಅಷ್ಟೇ.

ಗೊಬ್ಬರ ಎಷ್ಟು? ಹೊಸ ಪಾತಿಗೆ ಎರಡಿಂಚು ದಪ್ಪ ಹರಡಿ, ಮೇಲಿನ ಅರ್ಧ ಅಡಿ ಮಣ್ಣಿಗೆ ಬೆರೆಸಿ. ಹತ್ತಡಿ ಉದ್ದ, ನಾಲ್ಕಡಿ ಅಗಲದ ಪಾತಿಗೆ ಎರಡಿಂಚು ಅಂದರೆ ಸುಮಾರು 190 ಲೀಟರ್. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅದರ ಲೆಕ್ಕದಲ್ಲಿ ಒಂಬತ್ತೂವರೆ ಕ್ಯಾನ್. ನರ್ಸರಿಯಿಂದ ತಂದ ಐದು ಕೆ.ಜಿ. ಪ್ಯಾಕೆಟ್ಟು ಯಾವ ಮೂಲೆಗೂ ಸಾಲುವುದಿಲ್ಲ ಅಂತ ಈಗ ಗೊತ್ತಾಯಿತಲ್ವಾ. ಲೋಡು ಮಣ್ಣಿಗೆ ಕೊಡಬೇಕೆಂದಿದ್ದ ದುಡ್ಡನ್ನು ಇಲ್ಲಿ ಹಾಕಿ.

ಕೊಟ್ಟಿಗೆ ಗೊಬ್ಬರ ಕೊಳ್ಳುವಾಗ ಮೂಗು ಕಣ್ಣು ಎರಡೂ ಬೇಕು. ಚೆನ್ನಾಗಿ ಕಳಿತದ್ದು ಕಪ್ಪಗೆ, ಪುಡಿಪುಡಿಯಾಗಿ ಇರುತ್ತದೆ. ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತದೆ. ಸಗಣಿ ವಾಸನೆ ಇನ್ನೂ ಬರುತ್ತಿದ್ದರೆ, ಒಳಗೆ ಕೈ ಹಾಕಿದಾಗ ಬಿಸಿ ಇದ್ದರೆ, ಅದು ಆಗಿಲ್ಲ. ಹಸಿ ಗೊಬ್ಬರದ ಕಾವಿಗೆ ಎಳೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಚೀಲ ಸುರಿದು ನೋಡಿ. ಸಿ ಆಕಾರದಲ್ಲಿ ಸುರುಳಿ ಸುತ್ತಿಕೊಂಡ ಬಿಳಿ ಹುಳ ಸಿಕ್ಕರೆ ಅದು ಗೊಣ್ಣೆಹುಳ. ಬೇರು ತಿನ್ನುತ್ತದೆ. ಆರಿಸಿ ತೆಗೆದು ಹಾಕಿ. ಎರೆಗೊಬ್ಬರ ಒಳ್ಳೆಯದೇ, ಆದರೆ ದುಬಾರಿ. ಇಡೀ ಪಾತಿಗೆ ಬೇಡ, ಗಿಡ ನೆಡುವ ಗುಣಿಗೆ ಒಂದೊಂದು ಹಿಡಿ ಸಾಕು. ಬೇವಿನ ಹಿಂಡಿ ಚದರ ಮೀಟರಿಗೆ ನೂರೈವತ್ತು ಗ್ರಾಂ ಬೆರೆಸಿ, ಎರಡು ವಾರ ಬಿಟ್ಟು ಗಿಡ ನೆಡಿ.

ಒಣ ಎಲೆ, ಮರದ ಹೊಟ್ಟನ್ನು ಕೊಳೆಸದೆ ಹಾಗೇ ಮಣ್ಣೊಳಗೆ ಬೆರೆಸಬೇಡಿ. ಅವು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಅವೇ ಬಳಸಿಕೊಳ್ಳುತ್ತವೆ, ಗಿಡ ಬಿಳಚಿಕೊಳ್ಳುತ್ತದೆ. ಮೇಲೆ ಹೊದಿಕೆಯಾಗಿ ಹಾಕಿದರೆ ಮಾತ್ರ ಚಿನ್ನ. ಬೀದಿ ಗುಡಿಸುವಾಗ ಸುಡುವ ಎಲೆಯನ್ನು ದಯವಿಟ್ಟು ನಿಮ್ಮ ಪಾತಿಗೆ ತಂದುಕೊಳ್ಳಿ.

ಈಗ ಬೇಸಿಗೆ. ಒಳ್ಳೆಯ ಸಮಯ. ಏಪ್ರಿಲ್‌ನಲ್ಲಿ ಅಗೆದು, ನೀರು ಹಾಯಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಒಳಗಿನ ಕಾವಿಗೆ ಕಳೆ ಬೀಜ, ಹುಳದ ಮೊಟ್ಟೆ ಬಹಳಷ್ಟು ಸಾಯುತ್ತವೆ. ಜೇಕು ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಹಾಗಾಗಿಯೇ ಗೆಡ್ಡೆ ಆರಿಸಿ ಅಂದದ್ದು. ಮೇ ಕೊನೆಗೆ ಪ್ಲಾಸ್ಟಿಕ್ ತೆಗೆದು ಗೊಬ್ಬರ ಬೆರೆಸಿ. ಮುಂಗಾರು ಹಿಡಿದ ಮೇಲೆ ಗಿಡ.

ಮೊದಲ ಬೆಳೆಗೆ ನನ್ನ ಸಲಹೆ ಚೆಂಡುಹೂವು. ಅದರ ಬೇರಿನಿಂದ ಬರುವ ಅಂಶ ಬೇರುಗಂಟು ಜಂತುಹುಳುಗಳನ್ನು ತಗ್ಗಿಸುತ್ತದೆ. ಈ ಜಂತು ಕನಕಾಂಬರಕ್ಕೂ ಸುಗಂಧರಾಜಕ್ಕೂ ದೊಡ್ಡ ಶತ್ರು. ಒಂದು ಸಲ ಚೆಂಡು ಹೂ ಕೊಯ್ದು, ಆ ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಿ, ಆಮೇಲೆ ಕನಕಾಂಬರ ಹಾಕಿ. ಇನ್ನೊಂದು ಮಾತು, ಎಲ್ಲ ಹೂವಿಗೂ ಭಾರೀ ಗೊಬ್ಬರ ಬೇಕಿಲ್ಲ. ಕಾಸ್ಮಾಸ್‌ಗೆ ಜಾಸ್ತಿ ಕೊಟ್ಟರೆ ಎಲೆಯೇ ಬೆಳೆಯುತ್ತದೆ, ಹೂ ತಡವಾಗುತ್ತದೆ. ನಿತ್ಯಪುಷ್ಪಕ್ಕೆ ನೀವು ಏನೂ ಕೊಡದಿದ್ದರೂ ನಡೆಯುತ್ತದೆ. ಗುಲಾಬಿ, ಸೇವಂತಿಗೆ, ಮಲ್ಲಿಗೆಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ.

ನಿಮ್ಮಲ್ಲಿ ಕೆಲವರ ಊರು ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆ. ಅಲ್ಲಿ ಎರೆಮಣ್ಣು, ಅಂದರೆ ಕಪ್ಪು ಜೇಡಿಮಣ್ಣು. ಇಲ್ಲಿ ಹೇಳಿದ್ದನ್ನೆಲ್ಲ ಅಲ್ಲಿಗೆ ಹಾಗೇ ಒಯ್ಯಬೇಡಿ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಸಾರ ಚೆನ್ನಾಗಿದೆ, ಬಸಿಯುವುದಿಲ್ಲ ಅಷ್ಟೇ. ನಾಲ್ಕು ಬುಟ್ಟಿ ಮರಳು ಹಾಕಿದರೆ ಸಡಿಲವಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ, ಅರ್ಧಕ್ಕರ್ಧ ಮರಳೇ ಬೇಕಾದೀತು. ಅಲ್ಲಿ ಎತ್ತರಿಸಿದ ಪಾತಿ, ವರ್ಷ ವರ್ಷ ಗೊಬ್ಬರ, ಮೇಲೆ ಹೊದಿಕೆ. ಕರಾವಳಿಯದು ಮತ್ತೊಂದು ಬಗೆ. ಜೋರು ಮಳೆಗೆ ಸತ್ವ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿ ಸ್ವಲ್ಪ ಸುಣ್ಣ ಹಾಕುವುದೇ ಸರಿ. ಕೊಡಗಿನ ಹುಳಿ ಮಣ್ಣಿನಲ್ಲಿ ಹೈಡ್ರೇಂಜಾ ನೀಲಿ ಬಿಡುತ್ತದೆ, ಸುಣ್ಣದ ಮಣ್ಣಿಗೆ ತಂದರೆ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು: "ನಮ್ಮ ಕಡೆ ಹೊಲಕ್ಕೆ ಕೆರೆಗೋಡು ಹೊಡೆಯುತ್ತಿದ್ದೆವು. ಇಲ್ಲಿ ಹಾಕಬಹುದಾ?"

ಕೆರೆಗೋಡು ಬಹಳ ಒಳ್ಳೆಯ ವಸ್ತು, ಸರ್. ಮರಳು ಜಾಸ್ತಿ ಇರುವ ಕೆಂಪು ಮಣ್ಣಿಗೆ ಅದು ಹೇಳಿ ಮಾಡಿಸಿದಂತಿದೆ. ತೇವ ಹಿಡಿಯುತ್ತದೆ. ಆದರೆ ಊರಿನ ಕೆರೆಯದ್ದಾಗಿರಬೇಕು. ನಗರದ ಕೆರೆಗಳಿಗೆ ಒಳಚರಂಡಿ ನೀರು, ಕಾರ್ಖಾನೆ ನೀರು ಸೇರಿದ್ದಿದೆ. ಆ ಹೂಳಿನಲ್ಲಿ ಭಾರ ಲೋಹಗಳಿರಬಹುದು. ಮಕ್ಕಳು ಆಡುವ ಜಾಗಕ್ಕೆ ಅದು ಬೇಡ.

ಒಬ್ಬ ತಾಯಿ: "ಕೋಕೋಪೀಟ್ ಎಷ್ಟು ಹಾಕಬೇಕು?"

ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ. ಕುಂಡಕ್ಕೆ ಸರಿ ಅಮ್ಮಾ, ನೆಲದ ಪಾತಿಗೆ ಅಗತ್ಯವಿಲ್ಲ. ಅದು ನೀರು ಹಿಡಿಯುತ್ತದೆ, ಊಟ ಕೊಡುವುದಿಲ್ಲ. ಹಾಕಲೇಬೇಕೆಂದರೆ ನೆನೆಸಿ, ಎರಡು ಸಲ ನೀರು ಬಸಿದು, ಉಪ್ಪಿನಂಶ ಹೋದ ಮೇಲೆ ಹಾಕಿ.

"ಎರೆಹುಳ ತಂದು ಬಿಡಬಹುದಾ?" ಅಂತ ಒಬ್ಬ ಹುಡುಗ.

ಮಾರುವ ಎರೆಹುಳ ಸಗಣಿ, ಕಸದ ರಾಶಿಯಲ್ಲಿ ಬದುಕುವ ಜಾತಿ. ಸಾದಾ ಮಣ್ಣಿನಲ್ಲಿ ಅವು ನಿಲ್ಲುವುದಿಲ್ಲ. ಗೊಬ್ಬರ, ತೇವ, ಹೊದಿಕೆ ಇದ್ದರೆ ನಮ್ಮ ನೆಲದ ಹುಳಗಳೇ ಬರುತ್ತವೆ. ಮಳೆಗಾಲ ಕಳೆದ ಮೇಲೆ ಹೊದಿಕೆ ಎತ್ತಿ ನೋಡು.

ಕೊನೆಗೆ ಒಬ್ಬರು: "ನಮ್ಮ ಗೇಟಿನ ಹತ್ತಿರ ಹಳೇ ಹೊಂಗೆ ಮರ ಇದೆ. ಅದರ ಬುಡದಲ್ಲೇ ಪಾತಿ ಮಾಡಬಹುದಾ?"

ಅಲ್ಲಿ ಅಗೆಯಬೇಡಿ. ಮರಕ್ಕೆ ನೀರು, ಸತ್ವ ಹೀರಿ ಕೊಡುವ ಸಣ್ಣ ಬೇರುಗಳೆಲ್ಲ ಮೇಲಿನ ಒಂದಡಿಯಲ್ಲೇ ಇರುತ್ತವೆ. ಬುಡದ ಮೇಲೆ ಮಣ್ಣು ಏರಿಸುವುದೂ ಬೇಡ, ಕಾಂಡ ಕೊಳೆಯುತ್ತದೆ. ಅಲ್ಲಿಗೆ ನೆರಳು ತಡೆಯುವ ಗಿಡಗಳನ್ನು ಕುಂಡದಲ್ಲಿ ಇಡಿ. ಪಾತಿಯನ್ನು ಮರದ ನೆರಳು ದಾಟಿದ ಕಡೆ ಮಾಡಿ. ಉದುರುವ ಹೊಂಗೆ ಎಲೆಯನ್ನು ಆ ಪಾತಿಗೆ ಹೊದಿಸಿ.